ಅತ್ತಿಗೆಯ ತೂಕದ ಪಟ್ಟಿ

ಮಳೆಗಾಲ ಶುರುವಾಯಿತೆಂದರೆ ನಮ್ಮ ಅತ್ತಿಗೆಯ ಬಲಗೈಯ ಹಸಿರು ಬಳೆಗಳು ಮೊಣಕೈ ಕಡೆಗೆ ಏರಿಬಿಡುತ್ತಿದ್ದವು. ಹಳೇ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಒಂದು ಪಟ್ಟಿ ಅವನ್ನು ಅಲ್ಲೇ ಬಿಗಿಯಾಗಿ ಹಿಡಿದಿರುತ್ತಿತ್ತು. ಮುತ್ತೈದೆ ಬಳೆ ತೆಗೆದಿಡುವಂತಿಲ್ಲ. ಹಾಗಂತ ಅವು ಘಲ್ ಅನ್ನುವಂತೆಯೂ ಇಲ್ಲ, ಇಂಜಿನ್ನಿನ ಸದ್ದು ಕೇಳಿಸಬೇಕಲ್ಲ! ಆ ಪಟ್ಟಿ ಕೈಗೇರಿತೆಂದರೆ ಕಾರಿನ ಓಟಕ್ಕೆ ತಯಾರಿ ಶುರು ಅಂತ ಮನೆಮಂದಿಗೆಲ್ಲ ಗೊತ್ತು.

ಚನ್ನಗಿರಿಯಲ್ಲಿ ನಮ್ಮದು ಅಡಿಕೆ ಮಂಡಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬೇರೆಯವರು ಕಾರು ಕೊಂಡರೆ ಬೀಗರ ಮನೆಗೆ ಹೋಗುತ್ತಿದ್ದರು, ನಾವು ಗುಂಡು ಮೂತಿಯ ಹಳೇ ಕಾರೊಂದನ್ನು ಕೊಂಡು ಓಟಕ್ಕೆ ಬಿಟ್ಟೆವು. ಸಂಕ್ರಾಂತಿ ಕಳೆದ ಮೇಲೆ ಮದ್ರಾಸಿನಾಚೆ, ವಿಮಾನ ಇಳಿಯುವುದು ನಿಂತುಹೋಗಿದ್ದ ಮೈದಾನದಲ್ಲಿ ಆ ಓಟ. ತಿರುವಿಲ್ಲ, ಸುತ್ತಿಲ್ಲ, ಎರಡು ಕಾರು ಪಕ್ಕಪಕ್ಕ ನಿಂತು ಕಾಲು ಮೈಲಿ ನೆಟ್ಟಗೆ ನುಗ್ಗಬೇಕು, ಅಷ್ಟೆ. ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುವ ಆ ಓಟಕ್ಕೆ ಆರು ತಿಂಗಳ ತಯಾರಿ. ಇಂಜಿನ್ ಬಿಚ್ಚುವವನು ಅಣ್ಣ, ಓಡಿಸುವವನು ನಾನು. ಇಲ್ಲಿಂದ ಹೊನ್ನಾಳಿ, ನ್ಯಾಮತಿವರೆಗೆ ನನ್ನಂಥ ಡ್ರೈವರ್ ಇಲ್ಲ ಅಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಹೇಳಿಕೊಂಡದ್ದೇ ಬಂತು, ಎರಡು ವರ್ಷ ಸಾಲಾಗಿ ಸೋತೆವು.

ಅಣ್ಣ ಖಡಾಖಂಡಿತವಾಗಿ ಹೇಳಿದ: "ಈ ಸಲಾನೂ ಸೋತ್ರೆ ಸೀಟು ವಾಪಸ್ ಹಾಕಿ ಸಂತೇಬೆನ್ನೂರು ಸಂತೆಗೆ ಓಡ್ಸಾದೇ. ಓಟ ಗೀಟ ಮರ್ತುಬಿಡ್ರಿ."

ಅತ್ತಿಗೆ ಜಗಳೂರಿನ ಲಾರಿ ಡ್ರೈವರ್ ಒಬ್ಬರ ಮಗಳು. ಅಡುಗೆಮನೆಯಲ್ಲಿದ್ದುಕೊಂಡೇ ಬೀದಿಯಲ್ಲಿ ಹೋಗುವ ಲಾರಿಗೆ ಏನು ಕಾಯಿಲೆ ಅಂತ ಹೇಳುತ್ತಿದ್ದರು. ಅವರದು ಒಂದೇ ಮಂತ್ರ. "ಹಾಕಿದ್ರಿಂದ ಗೆಲ್ಲಾಕೆ ಆಗಲ್ಲ ಮೈದ್ನಾ, ತೆಗೆದಿದ್ರಿಂದ ಗೆಲ್ಲಾದು." ಕಾರಿನಿಂದ ಏನೇ ಬಿಚ್ಚಲಿ, ಅದು ಮೊದಲು ಅಡಿಕೆ ತೂಗುವ ತಕ್ಕಡಿ ಏರಬೇಕು. ಆಮೇಲೆ ಚೀಲಕ್ಕೆ ಗುರುತು ಹಾಕುವ ಮಸಿಯಿಂದ ಮಂಡಿಯ ಹಿಂಗೋಡೆಯ ಮೇಲೆ ಅದರ ಹೆಸರು, ತೂಕ. ಹಿಂದಿನ ಸೀಟು, ಬಂಪರ್, ಗಾಜು ಏರಿಸುವ ಹಿಡಿ, ಇಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರಿನ ಬಾಯಿಗಿದ್ದ ಗಾಳಿ ಸೋಸುವ ಡಬ್ಬಿ. ಹಾರನ್‌ಗೆ ಕೈ ಹಾಕಿದಾಗ ಮಾತ್ರ ಅಣ್ಣ ತಡೆದ.

"ಎದುರಿಗೆ ಎಮ್ಮೆ ಬಂದ್ರೆ ಏನ್ ಮಾಡಾದು?"

"ಎಮ್ಮೆ ಓಡ್ಸಾಕೆ ನಿಮ್ಮ ತಮ್ಮನ ಬಾಯಿ ಸಾಲ್ದೇನ್ರೀ?"

ಹಾರನ್ ಕೂಡ ತಕ್ಕಡಿ ಏರಿತು.

ಆಯುಧಪೂಜೆಗೆ ಕಾರು ಸಿದ್ಧವಾಯಿತು. ಅತ್ತಿಗೆ ಬಾನೆಟ್ ಎತ್ತಿಸಿ ಇಂಜಿನ್ನಿಗೇ ವಿಭೂತಿ, ಕುಂಕುಮ ಇಟ್ಟು, ಬೊಗಸೆ ತುಂಬ ಚೆಂಡುಹೂ ಬಿಡಿಸಿ ಸುರಿದರು. ಮಾರನೇ ದಿನ ಬೆಳಿಗ್ಗೆ ನಲ್ಲೂರು ಕಡೆಯ ನೇರ ರಸ್ತೆಯಲ್ಲಿ ಪರೀಕ್ಷೆ. ನಮ್ಮ ಮನೆಯ ಪದ್ಧತಿ ಏನೆಂದರೆ, ಆ ದಿನ ಯಾರು ಬೇಕಾದರೂ ಓಡಿಸಬಹುದು. ಯಾರದು ಕಡಿಮೆ ಸಮಯವೋ ಮದ್ರಾಸಿನಲ್ಲಿ ಅವರದೇ ಸೀಟು. ನನ್ನ ಬಿಟ್ಟು ಇನ್ನೊಬ್ಬರು ಕೂತದ್ದೇ ಇಲ್ಲವಲ್ಲ, ನನಗೇನು ಭಯ!

ಹೊರಟೆ. ಅರ್ಧ ದಾರಿಗೆ ಕಾರು ಕೆಮ್ಮತೊಡಗಿತು, ಎತ್ತಿನಗಾಡಿಯೇ ವಾಸಿ. ಇಳಿದವನೇ ಬಾಗಿಲು ಧಡಾರನೆ ಬಡಿದು ಅಣ್ಣನ ಮೇಲೆ ಹರಿಹಾಯ್ದೆ. ಅಣ್ಣ ಇಂಜಿನ್ನೇ ಬಿಚ್ಚಬೇಕು ಅಂತ ಸ್ಪ್ಯಾನರ್ ಹುಡುಕುತ್ತಿದ್ದ. ಅತ್ತಿಗೆ ಕಿವಿಗೊಟ್ಟು ಕೇಳಿ, "ಇದಕ್ಕೆ ರೋಗ ಇಲ್ಲ, ಗಂಟಲಾಗೆ ಏನೋ ಸಿಕ್ಕಂಡೈತೆ" ಅಂದು ಕಾರ್ಬುರೇಟರ್ ಬಿಚ್ಚಿಸಿದರು. ಒಳಗೆ ಚೆಂಡುಹೂವಿನ ಎಸಳು, ಮುದ್ದೆಮುದ್ದೆ! ಸೋಸುವ ಡಬ್ಬಿ ತೆಗೆಸಿದ್ದೂ ಅವರೇ, ಹೂ ಸುರಿದದ್ದೂ ಅವರೇ.

"ನಂದೇ ತಪ್ಪು," ಅಂದರು ಎಲ್ಲರೆದುರು. "ಮೈದ್ನಾ, ನೀನು ಇನ್ನೊಂದ್ಸಲ ಓಡ್ಸು."

ಈ ಸಲ ಕಾರು ಹಾರಿತು. ಅಣ್ಣನ ಕೈಗಡಿಯಾರದಲ್ಲಿ ಹತ್ತೊಂಬತ್ತು ಸೆಕೆಂಡು. ನಾನು ಕುಣಿಯುತ್ತಿರುವಾಗಲೇ ಅಣ್ಣ ತಮಾಷೆಗೆ, "ನೀನೂ ಒಂದ್ ಕೈ ನೋಡೇ" ಅಂದ. ಅತ್ತಿಗೆ ಸೆರಗು ಸಿಕ್ಕಿಸಿ ಕೂತರು. ನಾನು ಗುರಿಯ ಗೆರೆಯ ಹತ್ತಿರ ನಗುತ್ತ ನಿಂತಿದ್ದೆ.

ಅಯ್ಯಯ್ಯೋ, ಆ ಸದ್ದು! ನಾನು ಗೇರು ಬದಲಿಸುವಾಗ ಇಂಜಿನ್ ಒಂದು ಕ್ಷಣ ಬಿಕ್ಕುತ್ತಿತ್ತು. ಅಪ್ಪನ ಲಾರಿಯಲ್ಲಿ ಪಳಗಿದ ಅವರ ಕೈಯಲ್ಲಿ ಬಿಕ್ಕೇ ಇಲ್ಲ. ಒಂದೇ ಉಸಿರಿನಲ್ಲಿ ಬಂದು ನನ್ನ ಮುಂದೆ ಭರ್ರೆಂದು ಹೋಯಿತು. ಹದಿನೆಂಟು! ನನ್ನ ಮುಖ ನೋಡಿದ ಅತ್ತಿಗೆ, "ಗಡಿಯಾರ ಕೆಟ್ಟೈತೆ ಬಿಡ್ರಿ" ಅಂದರು.

ಮೂರು ದಿನ ನಾನು ಕಾರಿನ ಕೀ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಮನೆಯಲ್ಲಿ ಯಾರೂ ಪದ್ಧತಿಯ ಮಾತು ಎತ್ತಲಿಲ್ಲ. ನಾಲ್ಕನೇ ದಿನ ಅತ್ತಿಗೆ ನನ್ನನ್ನು ಮಂಡಿಗೆ ಕರೆದು ತಕ್ಕಡಿ ಹತ್ತಿಸಿದರು. ಎಪ್ಪತ್ನಾಲ್ಕು ಕೆ.ಜಿ. ಆಮೇಲೆ ತಾವೇ ಹತ್ತಿದರು. ನಲವತ್ತಾರು.

"ನೋಡು, ಬರೀ ತೂಕ ಅಷ್ಟೇ. ಓಡ್ಸಾದ್ರಾಗೆ ನಿನ್ನ ಮುಂದೆ ನಾನೆಲ್ಲಿ? ಆದ್ರೂ ನೀನು ಹೂಂ ಅಂದ್ರೆ ಮಾತ್ರ ನಾನು ಕೂರಾದು."

ನನಗೆ ಗೊತ್ತಿತ್ತು, ಅದು ತೂಕವಲ್ಲ. ಇಪ್ಪತ್ತೆಂಟು ಕೆ.ಜಿ.ಗೆ ಒಂದು ಸೆಕೆಂಡು ಯಾರು ಕೊಡುತ್ತಾರೆ? ಆದರೂ ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಆ ಮಾತು ಹಿಡಿದುಕೊಂಡು, ಜೇಬಿನಿಂದ ಕೀ ತೆಗೆದು ಅವರ ಕೈಗಿಟ್ಟೆ.

ಮದ್ರಾಸಿನಲ್ಲಿ ಸೀರೆಯುಟ್ಟ ಡ್ರೈವರನ್ನು ಕಂಡು ಪಕ್ಕದ ಕಾರಿನವನು ಹಲ್ಲು ಕಿರಿದ. ಬಾವುಟ ಬಿತ್ತು. ಅರ್ಧ ದಾರಿವರೆಗೆ ಸಮಸಮ, ಆಮೇಲೆ ನಮ್ಮ ಗುಂಡು ಮೂತಿ ಮುಂದೆ, ಇನ್ನೂ ಮುಂದೆ! ಗೆದ್ದೆವು! ಅಣ್ಣ ಪಂಚೆ ಎತ್ತಿಕಟ್ಟಿಕೊಂಡು ಓಡಿದ, ನಾನು ಅವನಿಗಿಂತ ಮುಂದೆ ಓಡಿದೆ. ಅತ್ತಿಗೆ ಇಳಿದು ಮೊದಲು ಹೇಳಿದ್ದು, "ಮೈದ್ನಾ, ಹಾರನ್ ಬೇಕಾಗ್ಲೇ ಇಲ್ಲ ನೋಡು."

ಊರಿನಲ್ಲಿ ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ: "ತೂಕ ಕಡಿಮೆ, ಅದಕ್ಕೇ ಅತ್ತಿಗೆ ಕೂತ್ರು." ಅತ್ತಿಗೆಯೂ ಹೌದೌದು ಅನ್ನುತ್ತಿದ್ದರು. ಆಮೇಲೆ ಎಷ್ಟೋ ವರ್ಷ ಓಡಿದೆವು, ಸೋತೆವು, ಗೆದ್ದೆವು. ಕಾರಿಗೆ ಹಿಂದಿನ ಸೀಟಂತೂ ವಾಪಸ್ ಬರಲಿಲ್ಲ. ಆ ಮಾತನ್ನು ತಿದ್ದುವ ಧೈರ್ಯವೂ ನನಗೆ ಬರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಮಳೆಗಾಲದ ಆರಂಭಕ್ಕೆ ಅತ್ತಿಗೆ ತೀರಿಕೊಂಡರು. ಟ್ಯೂಬಿನ ಪಟ್ಟಿ ಮೊಳೆಗೆ ನೇತಾಡುತ್ತಿತ್ತು. ಆ ದೀಪಾವಳಿಗೆ, ಎಷ್ಟೋ ವರ್ಷದ ಮೇಲೆ ಮಂಡಿಗೆ ಸುಣ್ಣ ಹೊಡೆಸಲು ಹಿಂಗೋಡೆಗೆ ಒರಗಿದ್ದ ಚೀಲಗಳನ್ನು ಸರಿಸಿದಾಗ ತೂಕದ ಪಟ್ಟಿಯ ಕೊನೆಯ ಸಾಲು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಹಾರನ್ನಿನ ಕೆಳಗೆ, ಅವರದೇ ದುಂಡು ಅಕ್ಷರ:

"ಮೈದುನ, ೭೪. ತಾನಾಗೇ ಇಳಿದ."

ಮಸಿಯ ಕುಂಚ ತಂದು ಅದರ ಕೆಳಗೆ ಬರೆದೆ: "ತೂಕ ಅಲ್ಲ ಅತ್ತಿಗೆ. ನೀವು ನನಗಿಂತ ಚೆನ್ನಾಗಿ ಓಡಿಸ್ತಿದ್ರಿ."

ಸುಣ್ಣದವನಿಗೆ ಆ ಗೋಡೆ ಬಿಟ್ಟು ಉಳಿದದ್ದು ಹೊಡಿ ಅಂದೆ.