ಒಂದೇ ಗದ್ದಲದ ಫೈಲು

ಒಂದು ಪರಮಾಣುವನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ತಿರುಗಿಸಬೇಕು. ಅದಕ್ಕೆ ಕೊಡುವ ಮೈಕ್ರೋವೇವ್ ಮಿಡಿತದ ಆಕಾರ ಹೇಗಿದ್ದರೆ ತಪ್ಪು ಅತಿ ಕಡಿಮೆ ಎಂದು ಕಂಪ್ಯೂಟರಿನಿಂದ ಹುಡುಕಿಸಬೇಕು. ಶಿರಸಿಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ನಾನು ಸಂಶೋಧನೆ ಎಂದು ಮಾಡುವುದು ಇಷ್ಟೇ.

ಸುತ್ತಲಿನ ಕಾಂತಕ್ಷೇತ್ರದ ಗದ್ದಲ, ಅಂದರೆ ಅಡ್ಡಾದಿಡ್ಡಿ ಏರಿಳಿತ, ಪರಮಾಣುವನ್ನು ಕೆಡಿಸುತ್ತದೆ. ಆದ್ದರಿಂದ ಸಿಕ್ಕ ಮಿಡಿತವನ್ನು ಪ್ರತಿ ಸಲ ಹೊಸ ಗದ್ದಲದಲ್ಲಿ ಪರೀಕ್ಷಿಸಬೇಕು. ನಾನೋ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಊರು ಬಿಟ್ಟು ಎಕ್ಕಂಬಿ ತಲುಪಿದ ಮೇಲೂ ವಾಪಸು ಬರುವ ಜಾತಿ. ಕರೆಂಟು ಹೋಗಿ ಲೆಕ್ಕ ಅರ್ಧಕ್ಕೆ ನಿಂತರೆ ಅಲ್ಲಿಂದಲೇ ಮುಂದುವರಿಯಲಿ ಎಂದು ಕಂಪ್ಯೂಟರ್ ಹುಟ್ಟಿಸಿದ ಗದ್ದಲವನ್ನೇ ಒಂದು ಫೈಲಿನಲ್ಲಿ ಉಳಿಸಿಟ್ಟಿದ್ದೆ. ಫಲಿತಾಂಶ ಎಷ್ಟು ಚಂದ ಬಂತೆಂದರೆ, ಜನ್ಮದಲ್ಲಿ ಮೊದಲ ಸಲ ಚಿಂತೆ ಮಾಡುವುದನ್ನು ಮರೆತೆ. ಅದರ ಮೇಲೆ ಬರೆದ ಲೇಖನ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಿಗೆ ಒಪ್ಪಿಗೆಯೂ ಆಯಿತು.

ಅದರಲ್ಲಿ ನನ್ನ ಜೊತೆ ಹೆಸರಿದ್ದವಳು ಎಂಎಸ್ಸಿ ಮುಗಿಸಿದ್ದ ವಿದ್ಯಾರ್ಥಿನಿ, ಯಲ್ಲಾಪುರದ ಲಾರಿ ಮಾಲೀಕರ ಮಗಳು. ಮರುವಾರ ಅವಳ ಪಿಎಚ್‌ಡಿ ಸಂದರ್ಶನ. ತೋರಿಸಲು ಇದ್ದದ್ದು ಆ ಲೇಖನವೊಂದೇ. ಅದಕ್ಕೆ ತಯಾರಾಗುತ್ತ ಹಳೇ ಫೈಲುಗಳನ್ನು ತೆರೆದವಳು ಲ್ಯಾಪ್‌ಟಾಪ್ ಹಿಡಿದು ನೇರ ನನ್ನ ಕೋಣೆಗೆ ಬಂದಳು. ಮಿಡಿತವನ್ನು ಹುಡುಕಿದ್ದೂ ಪರೀಕ್ಷಿಸಿದ್ದೂ ಅದೇ ಒಂದು ಗದ್ದಲದ ಫೈಲಿನ ಮೇಲೆ ಎಂದಳು. ಹೊಸ ಗದ್ದಲ ಹಾಕಿ ನೋಡಿದ್ದಳು; ಗ್ರಾಫು ಮಕಾಡೆ ಮಲಗಿತ್ತು.

"ಅರಬೈಲ್ ಘಟ್ಟದ ಹೊಂಡ ಬಾಯಿಪಾಠ ಮಾಡಿದ ಡ್ರೈವರಿಗೆ ಊರಿನ ಎಲ್ಲಾ ರಸ್ತೆಗೂ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು, ಸರ್."

ನಾನು ಕೇಳಿದ್ದು ಒಂದೇ ಮಾತು: "ಮತ್ಯಾರಿಗಾದ್ರೂ ಹೇಳಿದ್ಯಾ?"

ಹೊರಬಿದ್ದ ಮೇಲೆ ಆ ಮಾತಿನ ನಾತ ನನಗೇ ಹೊಡೆಯಿತು. ಆದರೂ ನಿಲ್ಲಿಸಲಿಲ್ಲ. ಸಂದರ್ಶನ ಮುಗಿಯಲಿ, ಆಮೇಲೆ ನೋಡೋಣ, ಎಲ್ಲ ನಿನ್ನ ಒಳ್ಳೆಯದಕ್ಕೇ ಎಂದೆಲ್ಲ ಹೇಳಿದೆ. ನನ್ನ ಪುಕ್ಕಲುತನಕ್ಕೆ ಅವಳ ಭವಿಷ್ಯದ ಅಂಗಿ ತೊಡಿಸುತ್ತಿದ್ದೆ.

"ಅಲ್ಲಿ ಕೇಳಿದ್ರೆ ಏನಂತ ಹೇಳ್ಲಿ? ನಿಂತ್ಕೊಳ್ಳೋದು ನಾನಲ್ವಾ, ಸರ್?"

ಅವಳೆದುರೇ ಪತ್ರಿಕೆಗೆ ಬರೆಯಲು ಕೂತೆ. 'ಲೇಖನದಲ್ಲಿ ದೋಷವೊಂದು ಕಂಡುಬಂದಿದೆ' ಎಂದು ಶುರುಮಾಡಿದೆ, ದೋಷ ತಾನಾಗಿಯೇ ಕಾಂಪೌಂಡು ಹಾರಿ ಬಂದಂತೆ. ಓದಿ ನೋಡಿದೆ. ಅಳಿಸಿದೆ. ತಪ್ಪು ನನ್ನದು, ಹಿಡಿದದ್ದು ನನ್ನ ವಿದ್ಯಾರ್ಥಿನಿ, ಲೇಖನವನ್ನು ಹಿಂಪಡೆಯುತ್ತೇವೆ ಎಂದು ಬರೆದು ಕಳಿಸಿದೆ.

ಅವಳು ಪರದೆಯ ಮೇಲೆ ಎರಡು ಸಲ ಓದಿದಳು.

"ಇದ್ರದ್ದೊಂದು ಪ್ರತಿ ನಂಗೂ ಕಳ್ಸಿ, ಸರ್. ಲೇಖನ ಇಲ್ಲ, ಇದನ್ನೇ ತೋರಿಸ್ತೇನೆ."

ನಾನು ಹೆಮ್ಮೆಪಡಬೇಕಿತ್ತು. ನನ್ನ ಆ ಮೊದಲ ಪ್ರಶ್ನೆಯ ರುಚಿ ಮಾತ್ರ ಹಳಸಿದ ಮಜ್ಜಿಗೆಯಂತೆ ಬಾಯೊಳಗೆ ಹಾಗೇ ಇತ್ತು.