ಇನ್ನೊಂದ್ಸಲ ಮೇಡಂ
ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ಕೂರುವ ಡಾಕ್ಟರಮ್ಮನಿಗೆ ಎಲ್ಲರೂ ಇಟ್ಟ ಹೆಸರು 'ಇನ್ನೊಂದ್ಸಲ ಮೇಡಂ'. ಸ್ಲೈಡಿನ ಮೇಲಿನ ಗಡ್ಡೆಯ ಚೂರನ್ನು ಎಷ್ಟು ನೋಡಿದರೂ ಆಕೆಗೆ ಸಮಾಧಾನವಿಲ್ಲ. "ತಾಳಿ, ಇನ್ನೊಂದ್ಸಲ ನೋಡ್ಬಿಡ್ತೀನಿ" ಎನ್ನುತ್ತಾಳೆ. ಬಸ್ಸು ಹತ್ತಿದವಳು ಇಳಿದು ಹೋಗಿ ಮನೆಯ ಬೀಗ ಜಗ್ಗಿ ಬರುತ್ತಾಳೆ, ಆರಿದ ಒಲೆಯನ್ನೂ ಮತ್ತೆ ಆರಿಸುತ್ತಾಳೆ. "ನನ್ನನ್ನಾದ್ರೂ ನಂಬ್ತೀಯೇನೇ?" ಎಂದು ಗಂಡ ಕೇಳಿದರೆ, "ನೋಡೋಣ" ಎನ್ನುತ್ತಾಳೆ. ಆಕೆಯ ನಂಬಿಕೆ ಕೆಡಿಸಿದ್ದು ಬಿಳಿ ರಕ್ತಕಣಗಳು. ಮೂಳೆಯೊಳಗಿನ ಮಜ್ಜೆ ಅವನ್ನು ಹೆತ್ತು, ಬೆಳೆಸಿ, ಗಡ್ಡೆಯ ಮೇಲೆ ಯುದ್ಧಕ್ಕೆ ಕಳಿಸುತ್ತದೆ. ಕೆಲವು ಅಲ್ಲಿ ಗಡ್ಡೆಯ ಬಣ್ಣದ ಮಾತಿಗೆ ಮರುಳಾಗಿ ಅದಕ್ಕೇ ಕಾವಲು ನಿಲ್ಲುತ್ತವೆ. ಕಣಗಳ ಗುಣ ತೋರಿಸುವ ವಿಶೇಷ ಬಣ್ಣವನ್ನು ಸ್ಲೈಡಿಗೆ ಹಾಕಿದಾಗ ಅಂಥವು ಸಿಕ್ಕಿಬಿದ್ದರೆ ಸಾಕು, "ಉಂಡ ಮನೆಗೆ ಎರಡು ಬಗೀತೀರಾ, ನಾಚಿಕೆಗೆಟ್ಟೋರಾ!" ಎಂದು ಸ್ಲೈಡಿಗೇ ಬೈಯುತ್ತಾಳೆ, ಪಕ್ಕದವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ರೋಗಿಯ ಹೆಸರು ಓದಿದರೆ ಮನಸ್ಸು ಕರಗಿ ಕಣ್ಣು ಮೋಸ ಹೋಗುತ್ತದೆಂದು, ಸ್ಲೈಡಿನ ಚೀಟಿಗೆ ಬೆರಳು ಅಡ್ಡ ಇಟ್ಟೇ ನೋಡುವುದು ಆಕೆಯ ಪದ್ಧತಿ. ಇವತ್ತೂ ಇಟ್ಟಿದ್ದಾಳೆ, ಆದರೆ ಹೆಸರು ಗೊತ್ತು: ಹೊರಗೆ ಬೆಂಚಿನ ಮೇಲೆ ಕೂತಿರುವ ಸ್ವಂತ ತಂಗಿಯದು. ಗಡ್ಡೆಯ ಸುತ್ತ ಬಿಳಿ ಕಣಗಳು ಗುಂಪುಗಟ್ಟಿವೆ. ಹೊಡೆಯಲು ಬಂದವೋ, ಕಾಯಲು ನಿಂತವೋ, ಆ ಬಣ್ಣ ಹಾಕುವವರೆಗೆ ಹೇಳಲಾಗದು. ಪಕ್ಕದವರು ಬೈಗುಳಕ್ಕೆ ಕಾದರು. ಆಕೆ ಇನ್ನಷ್ಟು ಬಗ್ಗಿ, ಮುನಿದ ಮಕ್ಕಳನ್ನು ರಮಿಸುವ ದನಿಯಲ್ಲಿ, "ಅವಳು ನಿಮ್ಮನ್ನ ಹೆತ್ತೋಳು ಕಣ್ರಪ್ಪಾ" ಎಂದಳು.