ಸೋತು ಗೆದ್ದ ಆಕ್ಷೇಪಣೆ

ಸೊಲ್ಲಾಪುರದ ನಮ್ಮ ಚಾದರದ ಅಂಗಡಿಯಲ್ಲಿ ಯಾರು ಎಲ್ಲಿ ಕೂತು ಮಾತಾಡಬೇಕೆಂಬ ನಿಯಮವಿಲ್ಲ. ಗಿರಾಕಿ ನನ್ನ ಗಾದಿಯ ಮೇಲೆ ವಿರಾಜಮಾನನಾಗಿ, ನಾನು ಅವನೆದುರು ಯಾಚಕನಂತೆ ನಿಂತು, ನನ್ನದೇ ಮಾಲಿನ ನಿಂದೆಯನ್ನು ಅವನ ಬಾಯಿಂದ ಸವಿನಯವಾಗಿ ಕೇಳಿಸಿಕೊಂಡದ್ದುಂಟು. ಆಸನಕ್ಕೂ ಮಾತಿಗೂ ಗಾಢ ಸಂಬಂಧವಿದೆಯೆಂದು ತಿಳಿದದ್ದು ಮೊನ್ನೆ, ಅಕ್ಕನ ಮನೆಯ ಟಿ.ವಿ. ಮುಂದೆ. ಅಂದು ಕೆರಳಿದ ಪಿತ್ತ ಇನ್ನೂ ಇಳಿದಿಲ್ಲ. ತಪ್ಪು ನನ್ನದೋ, ನೀವೇ ಕೇಳಿ ಹೇಳಿ.

ಅಕ್ಕ ಇರುವುದು ಅಕ್ಕಲಕೋಟೆಯ ಆಚೆಗಿನ ಸಣ್ಣ ಊರಲ್ಲಿ. ಅವಳಿಗೆ ಮೂತ್ರಪಿಂಡದ ಕಾಯಿಲೆ. ದಿನ ಬಿಟ್ಟು ದಿನ ಡಯಾಲಿಸಿಸ್‌ಗೆಂದು ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಬರುತ್ತಾಳೆ. ಮರಳುವಾಗ ದಾರಿಯ ಮೊದಲ ಊರು ಕುಂಭಾರಿ ದಾಟುವುದರೊಳಗೆ ಕುತ್ತಿಗೆ ನಿಲ್ಲದೆ ಕಿಟಕಿಗೆ ಒರಗಿರುತ್ತಾಳೆ. ಅವಳ ಮನೆಯ ಹತ್ತಿರದ ಸರ್ಕಾರಿ ದವಾಖಾನೆಯಲ್ಲೇ ಯಂತ್ರವಿದೆ, ಆದರೆ ಅದನ್ನು ನಡೆಸುವವರಿಲ್ಲ. ಆ ಹುದ್ದೆ ಎಂದು ತುಂಬುತ್ತೀರಿ ಎಂದು ಆ ಭಾಗದ ಶಾಸಕರು ಸದನದಲ್ಲಿ ಪ್ರಶ್ನೆ ಹಾಕಿದ್ದರು. ಅದಕ್ಕೆ ಉತ್ತರ ಬರುವುದನ್ನು ಟಿ.ವಿ.ಯಲ್ಲಿ ನೋಡಲೆಂದೇ ನಾನು ಅಂಗಡಿ ಮುಚ್ಚಿ ಅಕ್ಕನ ಮನೆಗೆ ಹೋಗಿದ್ದೆ.

ಶಾಸಕರು ಎದ್ದರು. ಅವರ ಮೈಕು ಸತ್ತಿತ್ತು. ಪಕ್ಕದ ಖಾಲಿ ಆಸನಕ್ಕೆ ಸರಿದು ಬಾಯಿ ತೆರೆದರೋ ಇಲ್ಲವೋ, ಎದುರಿನಿಂದ ಒಬ್ಬ ಮಹಾಶಯರು ಕೈಯೆತ್ತಿ, “ಹರಕತೀಚಾ ಮುದ್ದಾ!” ಎಂದು ಮರಾಠಿಯಲ್ಲಿ ಗರ್ಜಿಸಿದರು. ಎಂದರೆ ಕ್ರಿಯಾಲೋಪದ ಆಕ್ಷೇಪಣೆ: ಸದಸ್ಯರು ತಮಗೆ ಗೊತ್ತುಪಡಿಸಿದ ಆಸನದಿಂದಲೇ ಮಾತಾಡಬೇಕು! ಇಂಥ ಆಕ್ಷೇಪಣೆ ಎದ್ದಿತೆಂದರೆ ತೀರ್ಪು ಬರುವ ತನಕ ಉಳಿದೆಲ್ಲ ಕಲಾಪ ಸ್ತಬ್ಧ. ಮಹಾಶಯರು ನಿಯಮ ಓದಿದರು, ಹಳೆಯ ತೀರ್ಪುಗಳನ್ನು ಓದಿದರು, ನೀರು ಕುಡಿದು ಮತ್ತೆ ಓದಿದರು. ಪ್ರಶ್ನೋತ್ತರಕ್ಕೆ ಇಟ್ಟ ಹೊತ್ತು ಸರಿಯುತ್ತಿತ್ತು; ಅಕ್ಕ ಸೆರಗಿನ ತುದಿ ಹಿಡಿದು ಗಡಿಯಾರವನ್ನೇ ನೋಡುತ್ತಿದ್ದಳು.

ಕಡೆಗೆ ಸಭಾಧ್ಯಕ್ಷರು ಪರಮ ಗಾಂಭೀರ್ಯದಿಂದ ತೀರ್ಪಿತ್ತರು: ಮೈಕು ಕೆಟ್ಟಾಗ ಸರಿದು ನಿಲ್ಲುವುದು ಲೋಪವಲ್ಲ, ಆಕ್ಷೇಪಣೆ ತಿರಸ್ಕೃತ. ಅಕ್ಕ ಚಪ್ಪಾಳೆ ತಟ್ಟಿದಳು. ಅದೇ ಉಸಿರಿನಲ್ಲಿ ಅಧ್ಯಕ್ಷರು, ಪ್ರಶ್ನೋತ್ತರದ ಅವಧಿ ಮುಗಿಯಿತು ಎಂದರು. ಶಾಸಕರು ಏನೋ ಹೇಳಹೋದರು. ಅಧ್ಯಕ್ಷರು ಎದ್ದು ನಿಂತರು. ಅಧ್ಯಕ್ಷರು ನಿಂತರೆ ಸದಸ್ಯರು ಕೂಡಬೇಕು, ಅದೂ ನಿಯಮವೇ. ಉತ್ತರ ಲಿಖಿತವಾಗಿ ಮಂಡಿಸಲಾಗಿದೆಯಂತೆ. ಶಾಸಕರ ಆಪ್ತರಿಗೆ ಫೋನು ಮಾಡಿ ವಿಚಾರಿಸಿದರೆ, ಅದರಲ್ಲಿದ್ದದ್ದು ಇಷ್ಟೇ: ಮಾಹಿತಿ ಸಂಗ್ರಹಿಸಲಾಗುತ್ತಿದೆ.

ನಾನು ಟಿ.ವಿ.ಗೆ ಹಾಕಿದ ಬೈಗುಳ ಕಡತಕ್ಕೆ ಹೋಗುವಂಥದಲ್ಲ. ನಿಯಮಗಳ ಮೇಲೆ ನನಗೆ ಸಿಟ್ಟಿಲ್ಲ. ಅವಿಲ್ಲದಿದ್ದರೆ ಗಂಟಲು ದೊಡ್ಡದಿದ್ದವನದೇ ರಾಜ್ಯ. ಆದರೆ ಆಕ್ಷೇಪಣೆ ಸುಳ್ಳೆಂದಾದ ಮೇಲೂ ಅದು ನುಂಗಿದ ಹೊತ್ತನ್ನು ಕಕ್ಕಿಸುವ ನಿಯಮ ಒಂದಾದರೂ ಬೇಡವೇ? ಸೋಲಲೆಂದೇ ಎದ್ದು, ಸೋತು, ಮೀಸೆ ತಿರುವುತ್ತ ಕೂತ ಆ ಮನುಷ್ಯನ ಮುಖ ನೆನೆದರೆ ಮೈ ಉರಿಯುತ್ತದೆ.

ಆದರೂ ರೋಗಿಯ ಮುಂದೆ ಹಾರಾಡಬಾರದೆಂದು ಧ್ವನಿ ತಗ್ಗಿಸಿ ಸಮಾಧಾನ ಹೇಳಹೋದೆ: “ಇರ್ಲಿ ಬಿಡಕ್ಕಾ, ತೀರ್ಪು ನಮ್ಮ ಕಡೀನೇ ಆಗೇತಿ. ನಾವು ಗೆದ್ದೀವಿ.”

ಅಕ್ಕ ಟಿ.ವಿ. ಆರಿಸಿ ನನ್ನ ಕಡೆ ತಿರುಗಿದಳು.

“ಗೆದ್ದೀವಿ ಅಂದ್ರ, ನಾಳಿ ಮುಂಜಾನಿ ಸೊಲ್ಲಾಪುರದ ಬಸ್ ನಾ ಯಾಕ ಹಿಡೀಬೇಕೋ ತಮ್ಮಾ?”